ತೋಟದ ಹಾವುಗಳನ್ನು ಗುರುತಿಸುವುದು ಹೇಗೆ, ಹಿಡಿದ ಕಾಳಿಂಗವನ್ನು ಬಿಡುವುದು ಎಲ್ಲಿ?

ಅಡಿಕೆ ಬೆಳೆಗಾರ (ತೀರ್ಥಹಳ್ಳಿ ಕಡೆ):
ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರು ಕೇರೆಯನ್ನು ಕಂಡರೂ ನಾಗರವೆಂದು ಹೊಡೆದು ಹಾಕುತ್ತಾರೆ. ಈಚೆಗೆ ಕೊಟ್ಟಿಗೆಯ ಹಿಂದೆ ಕಾಣಿಸಿಕೊಂಡ ಕಾಳಿಂಗ ಸರ್ಪವನ್ನು ಹಿಡಿದವರು, ಅದನ್ನು ಬಹುದೂರದ ದಟ್ಟ ಕಾಡಿಗೆ ಬಿಡುವುದಾಗಿ ಹೇಳಿ ಒಯ್ದರು. ಇದು ಸರಿಯಾದ ಕ್ರಮವೇ? ಮನೆಯ ಮಕ್ಕಳಿಗೂ ಆಳುಗಳಿಗೂ ಊರಿನ ಹಾವುಗಳ ಪರಿಚಯ ಮಾಡಿಸಲು ಎಲ್ಲಿಂದ ಆರಂಭಿಸಬೇಕು?

ಕೆರೆಯಂಚು:
ಕೇರೆಯಿಂದಲೇ ಆರಂಭಿಸಿ, ಏಕೆಂದರೆ ಸುಮ್ಮನೆ ಸಾಯುವುದು ಅದೇ ಹೆಚ್ಚು. ದೊಡ್ಡ ದುಂಡನೆಯ ಕಣ್ಣು, ತುಟಿಯ ಹುರುಪೆಗಳ ನಡುವೆ ಎಳೆದಂತಿರುವ ಕಪ್ಪು ಗೆರೆಗಳು, ಹೆಡೆಯಿಲ್ಲದ ಕತ್ತು: ಇಷ್ಟನ್ನು ದೂರದಿಂದಲೇ ನೋಡಬಹುದು. ಕೇರೆಯೂ ನಾಗರವೂ ಕೂಡುತ್ತವೆ ಎಂದು ಹಳ್ಳಿಗಳಲ್ಲಿ ಹೇಳುವ ದೃಶ್ಯ ಬಹುಪಾಲು ಎರಡು ಗಂಡು ಕೇರೆಗಳು ಮೈಹೆಣೆದುಕೊಂಡು ನಡೆಸುವ ಕಾಳಗವೇ ಆಗಿರುತ್ತದೆ. ಕಷ್ಟವಿರುವುದು ಕಟ್ಟು ಹಾವು ಮತ್ತು ವಿಷವಿಲ್ಲದ ತೋಳ ಹಾವಿನ ನಡುವೆ. ಸಾಮಾನ್ಯವಾಗಿ ಕಟ್ಟು ಹಾವಿನ ಬಿಳಿ ಪಟ್ಟೆಗಳು ಕತ್ತಿನ ಬಳಿ ಮಸುಕಾಗಿದ್ದು ಬಾಲದ ಕಡೆಗೆ ಸ್ಪಷ್ಟವಾಗುತ್ತವೆ. ತೋಳ ಹಾವಿನಲ್ಲಿ ಇದು ತಿರುಗುಮುರುಗು. ಆದರೆ ಈ ಗುರುತನ್ನು ನಂಬಿ ಯಾರೂ ಕೈಹಾಕಬಾರದು.

ಘಟ್ಟದ ಮೇಲಿನವ:
ದೂರ ಒಯ್ದು ಬಿಡುವುದನ್ನು ನಾನು ಒಪ್ಪುವುದಿಲ್ಲ. 2005ರಲ್ಲಿ ಹಾವುಗಳ ತಜ್ಞ ರೊಮುಲಸ್ ವಿಟೇಕರ್ ಅವರು ಆಗುಂಬೆಯಲ್ಲಿ ಆರಂಭಿಸಿದ ಮಳೆಕಾಡು ಸಂಶೋಧನಾ ಕೇಂದ್ರವು ಕಾಳಿಂಗಗಳ ದೇಹದೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇರಿಸಿ ಅವುಗಳ ಓಡಾಟವನ್ನು ಹಿಂಬಾಲಿಸಿದೆ. ಪರಿಚಯದ ನೆಲೆಯಿಂದ ಕಿತ್ತು ಬಿಟ್ಟ ಹಾವಿಗೆ ಅಡಗುದಾಣ, ಆಹಾರ ಎರಡೂ ಗೊತ್ತಿರುವುದಿಲ್ಲವಾದ್ದರಿಂದ ಅದು ಎಲ್ಲೆಲ್ಲೋ ಅಲೆದು ಇನ್ನೊಂದು ಊರಿನ ಅಂಗಳಕ್ಕೆ ಬರುವ ಸಾಧ್ಯತೆಯೇ ಹೆಚ್ಚು. ಕಾಳಿಂಗದ ಆಹಾರ ಮುಖ್ಯವಾಗಿ ಬೇರೆ ಹಾವುಗಳು. ನಿಮ್ಮ ಕೊಟ್ಟಿಗೆಯ ಇಲಿಗೆ ಕೇರೆ, ಕೇರೆಯ ಹಿಂದೆ ಕಾಳಿಂಗ ಬಂದಿರಬಹುದು. ಮಳೆಗಾಲಕ್ಕೆ ಮುಂಚೆ ಹೆಣ್ಣು ತರಗೆಲೆಗಳನ್ನು ಮೈಸುರುಳಿಯಿಂದ ಎಳೆದು ರಾಶಿ ಮಾಡಿ, ಅದರೊಳಗೆ ಮೊಟ್ಟೆಯಿಟ್ಟು ಕಾವಲು ಕೂರುತ್ತದೆ. ಹೀಗೆ ಗೂಡು ಕಟ್ಟುವ ಹಾವು ಬೇರೊಂದಿಲ್ಲ. ಆದ್ದರಿಂದ ತೋಟದಂಚಿನ ದರಗನ್ನೆಲ್ಲ ಗೊಬ್ಬರಕ್ಕೆ ಗುಡಿಸುವಾಗ ಒಮ್ಮೆ ನೋಡಿಕೊಳ್ಳಿ. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿ ಓಫಿಯೋಫ್ಯಾಗಸ್ ಕಾಳಿಂಗ ಎಂದು ಹೆಸರಿಸಿದ್ದಾರೆ. ಅದು ಇರುವುದು ಈ ಘಟ್ಟಸಾಲಿನಲ್ಲಿ ಮಾತ್ರ.

ಕೊಪ್ಪದ ಓದುಗ:
ಮೇಲಿನ ಮಾತು ನಿಜವಾದರೂ, ಅಡುಗೆಮನೆಯೊಳಗೆ ಹೊಕ್ಕ ಹಾವನ್ನು ಹಾಗೆಯೇ ಬಿಡಿ ಎಂದು ಮಕ್ಕಳಿರುವ ಮನೆಯವರಿಗೆ ಹೇಳಲಾಗದು. ಹಿಡಿಯಲೇಬೇಕಾದಾಗ ಅರಣ್ಯ ಇಲಾಖೆಗೆ ತಿಳಿಸಿ, ಪಳಗಿದವರಿಂದ ಹಿಡಿಸಿ, ಆದಷ್ಟು ಹತ್ತಿರದ ಕಾಡಿನಲ್ಲೇ ಬಿಡಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಳಿಂಗವನ್ನಷ್ಟೇ ಅಲ್ಲ, ಕೇರೆಯನ್ನು ಕೊಲ್ಲುವುದೂ ಅಪರಾಧ ಎಂಬುದನ್ನು ಆಳುಗಳಿಗೆ ತಿಳಿಹೇಳಿ. ಹಿಡಿದ ಹಾವಿನ ಹೆಡೆ ಸವರಿ ಫೋಟೋ ತೆಗೆಸಿಕೊಳ್ಳುವವರನ್ನು ಮಾತ್ರ ಕರೆಯಬೇಡಿ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷವನ್ನು ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲಗಳ ವಿಷಕ್ಕೆಂದು ತಯಾರಿಸಿರುವುದರಿಂದ ಕಾಳಿಂಗದ ಕಡಿತಕ್ಕೆ ಅದನ್ನು ನೆಚ್ಚುವಂತಿಲ್ಲ. ಯಾವ ಹಾವೇ ಕಚ್ಚಿರಲಿ, ಕಟ್ಟು ಬಿಗಿಯದೆ, ಗಾಯ ಕೊಯ್ಯದೆ, ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹುಡುಕಿ ಕೊಂದು ಜೊತೆಗೆ ತರುವ ಅಗತ್ಯವಿಲ್ಲ. ವೈದ್ಯರು ಲಕ್ಷಣ ನೋಡಿಯೇ ಚಿಕಿತ್ಸೆ ಕೊಡುತ್ತಾರೆ.