ಸ್ವಿಂಡನ್ ಊರಿನ ಕಥೆ ಯಾರನ್ನು ಕೇಳಲಿ? (ಸೋಮವಾರದೊಳಗೆ ಬೇಕು)

ಸ್ವಿಂಡನ್ ಸೊಸೆ:
ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಸ್ವಿಂಡನ್‌ಗೆ ಬಂದು ಎರಡು ವರ್ಷ. ಮಗ ಇಯರ್ ಫೋರ್. ಶಾಲೆಯಲ್ಲಿ ‘ನಮ್ಮ ಊರು ಆಗ ಹೇಗಿತ್ತು’ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅಜ್ಜ ಅಜ್ಜಿಯನ್ನು ಕೇಳಿ ಬರೆಯಬೇಕಂತೆ. ಅವನ ಅಜ್ಜಿ ಇರುವುದು ಮೈಸೂರಿನಲ್ಲಿ. ವಿಡಿಯೋ ಕಾಲ್ ಮಾಡಿದರೆ ಅತ್ತೆ ದಸರಾ ಆನೆ, ಟಾಂಗಾ ಎಲ್ಲ ಹೇಳಿದರು. ಇವನು ಅದನ್ನೇ ಬರೆದ. ಆಮೇಲೆ ತಾನೇ ಅಳಿಸಿದ. “ಅಮ್ಮ, ಇದು ಈ ಊರಲ್ಲ. ಈ ಊರಲ್ಲಿ ನಮಗೆ ಯಾರೂ ಇಲ್ವಾ?” ಅಂದ. ರಬ್ಬರ್ ಉಜ್ಜಿ ಉಜ್ಜಿ ಹಾಳೆ ತೂತಾಗಿದೆ. ನನಗೆ ಈ ಊರಲ್ಲಿ ಗೊತ್ತಿರುವುದು ಮ್ಯಾಜಿಕ್ ರೌಂಡಬೌಟ್ ಒಂದೇ, ಐದು ಸಣ್ಣ ವೃತ್ತ ಸೇರಿದ ದೊಡ್ಡ ರಸ್ತೆ ವೃತ್ತ. ಅದೂ ಡ್ರೈವಿಂಗ್ ಕಲಿಯುವಾಗ ಬೆವರಿಳಿಸಿತು ಅಂತ. ಯಾರಾದರೂ ದಾರಿ ಹೇಳಿ.

ಮಿಲ್ಟನ್ ಕೀನ್ಸ್ ಮಾವ:
ಮೊದಲು ಮಗುವನ್ನು ಶನಿವಾರದ ಕನ್ನಡ ಕ್ಲಾಸಿಗೆ ಸೇರಿಸಿ. ನಾನು 1989ರಿಂದ ಇದನ್ನೇ ಹೇಳುತ್ತಿದ್ದೇನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಇಂಗ್ಲಿಷ್. ಮಿಕ್ಕಿದ್ದೆಲ್ಲ ತಾನಾಗಿ ಸರಿಹೋಗುತ್ತದೆ.

ಸ್ವಿಂಡನ್ ಸೊಸೆ:
ಸೇರಿಸಿದ್ದೇವೆ ಸರ್. ನಾನು ಕೇಳಿದ್ದು ಪ್ರಾಜೆಕ್ಟ್ ಬಗ್ಗೆ.

ಹುಬ್ಬಳ್ಳಿ ಭೋಂಗಾ:
ಅಕ್ಕಾರೆ, ಚಿಂತೆ ಬಿಡಿ. ನಮ್ಮಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಭೋಂಗಾ, ಅಂದರೆ ಕಾರ್ಖಾನೆ ಸೈರನ್, ಕೂಗಿದರೆ ಅವ್ವ ಚಹಾಕ್ಕೆ ಇಡುತ್ತಿದ್ದಳು. ಸ್ವಿಂಡನ್‌ನಲ್ಲೂ ಥೇಟ್ ಹಾಗೇ ಇತ್ತು. ಮೊದಲು ಗುಡ್ಡದ ಮೇಲೆ ಒಂದು ಸಣ್ಣ ಸಂತೆ ಊರು, ಅದೇ ಈಗಿನ ಓಲ್ಡ್ ಟೌನ್. ಕೆಳಗೆ ಬರೀ ಹೊಲ. 1843ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ಕಾರ್ಖಾನೆ ಶುರುವಾಯಿತು, ಅದರ ಸುತ್ತ ಹೊಸ ಊರೇ ಎದ್ದಿತು. ಎರಡೂ ಊರು ಒಂದಾಗಿದ್ದು 1900ರಲ್ಲಿ. ಕಾರ್ಖಾನೆಯ ಹೂಟರ್ ಎಷ್ಟು ಜೋರು ಅಂದರೆ, ನೀವೆಲ್ಲ ಪಿಕ್ನಿಕ್‌ಗೆ ಹೋಗುವ ಲಿಡಿಯಾರ್ಡ್ ಪಾರ್ಕಿನ ಒಡೆಯ ಲಾರ್ಡ್ ಬೋಲಿಂಗ್‌ಬ್ರೋಕ್ ನಿದ್ದೆಗೆಟ್ಟು ದೂರು ಕೊಟ್ಟಿದ್ದ. ಆದರೂ 1986ರಲ್ಲಿ ಕಾರ್ಖಾನೆ ಮುಚ್ಚುವ ತನಕ ಹೂಟರ್ ಕೂಗಿತು.

ಮಗುವನ್ನು ರೈಲ್ವೆ ವಿಲೇಜಿಗೆ, ಅಂದರೆ ಕಾರ್ಖಾನೆ ಕೆಲಸಗಾರರಿಗೆ ಕಟ್ಟಿದ ಬಡಾವಣೆಗೆ, ಕರೆದುಕೊಂಡು ಹೋಗಿ. ಬೀದಿ ಹೆಸರು ಓದಿಸಿ. ಲಂಡನ್ ಸ್ಟ್ರೀಟ್, ರೆಡಿಂಗ್ ಸ್ಟ್ರೀಟ್, ಬ್ರಿಸ್ಟಲ್ ಸ್ಟ್ರೀಟ್, ಎಕ್ಸೆಟರ್ ಸ್ಟ್ರೀಟ್. ಎಲ್ಲ ರೈಲು ಹೋಗುವ ಊರುಗಳೇ! ಅಲ್ಲಿಂದ ಹಳಿಯ ಕೆಳಗೆ ಸುರಂಗದಲ್ಲಿ ನಡೆದರೆ, ನಾವು ಸೇಲ್‌ನಲ್ಲಿ ಜಾಕೆಟ್ ತಗೊಳ್ಳುವ ಔಟ್‌ಲೆಟ್. ಅದೇ ಹಳೇ ಕಾರ್ಖಾನೆ. ಕೆಲಸಗಾರರು ಡ್ಯೂಟಿಗೆ ಹೋಗುತ್ತಿದ್ದದ್ದೂ ಅದೇ ಸುರಂಗದಲ್ಲಿ.

ಮುಖ್ಯವಾಗಿ ‘ಟ್ರಿಪ್’ ಬಗ್ಗೆ ಬರೆಸಿ. ಜುಲೈನಲ್ಲಿ ಕಾರ್ಖಾನೆಗೆ ರಜೆ. ಕೆಲಸಗಾರರಿಗೂ ಮನೆಯವರಿಗೂ ರೈಲು ಪುಕ್ಕಟೆ. ಊರಿಗೆ ಊರೇ ಸಮುದ್ರಕ್ಕೆ ಹೋಗುತ್ತಿತ್ತು. ವೇಮತ್‌ಗೆ ‘ಸಮುದ್ರದಂಡೆಯ ಸ್ವಿಂಡನ್’ ಅಂತಲೇ ಹೆಸರು ಬಿದ್ದಿತ್ತು. ಆದರೆ ಎಷ್ಟೋ ವರ್ಷ ಆ ರಜೆಗೆ ಸಂಬಳ ಇರಲಿಲ್ಲ. ವಾಪಸ್ ಬಂದ ಮೇಲೆ ಅಡುಗೆಮನೆ ಡಬ್ಬಿಗಳು ಹೇಗಿದ್ದವೋ, ನಮ್ಮವ್ವನನ್ನು ಕೇಳಿದರೆ ಹೇಳುತ್ತಾಳೆ.

ರೆಡಿಂಗ್ ಡಾಕ್ಟರು:
ಮೆಡಿಕಲ್ ಫಂಡ್ ಬಿಟ್ಟಿರಲ್ಲ! 1847ರಲ್ಲೇ ಸಂಬಳದಿಂದ ಚಿಲ್ಲರೆ ಹಿಡಿದು ಕೆಲಸಗಾರರಿಗೆ ಡಾಕ್ಟರು, ಔಷಧಿ. ಆಮೇಲೆ ಆಸ್ಪತ್ರೆ, ಸ್ನಾನದ ಮನೆ, ಟರ್ಕಿಶ್ ಬಾತ್ ಕೂಡ. 1948ರಲ್ಲಿ ಬಂದ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಗೆ ಇದೇ ಮಾದರಿ ಅಂತ ಆ ಊರಿನವರು ಎದೆ ತಟ್ಟಿ ಹೇಳುತ್ತಾರೆ. ನಾನು 22 ವರ್ಷದಿಂದ ಎನ್‌ಎಚ್‌ಎಸ್‌ನಲ್ಲಿದ್ದೇನೆ. ಮಗಳೂ ಈಗ ಡಾಕ್ಟರ್. ಎ ಲೆವೆಲ್‌ನಲ್ಲಿ ಮೂರೂ ಎ ಸ್ಟಾರ್.

ನೇರ ಮಾತು:
ಏನ್ರೀ ಎಲ್ಲರೂ ಸೇರಿ ಬ್ರಿಟಿಷರ ಹೂಟರ್ ಊದುತ್ತಿದ್ದೀರಿ? ಆ ಮಗುವಿಗೆ 1824ರಲ್ಲಿ ಕಿತ್ತೂರಿನಲ್ಲಿ ಏನಾಯಿತು ಅಂತ ಗೊತ್ತಾ? ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು ಗೊತ್ತಾ? ನಮ್ಮ ದೇಶದಲ್ಲಿ ರೈಲು ಹಾಕಿದ ಕಂಪನಿಗಳಿಗೆ ಶೇಕಡ 5 ಬಡ್ಡಿ ಗ್ಯಾರಂಟಿ. ಲಾಭ ಬರದಿದ್ದರೆ ನಮ್ಮ ರೈತರ ಕಂದಾಯದಿಂದ ಕೊಟ್ಟರು. ಅದನ್ನು ಬರೆಸಿ ಪ್ರಾಜೆಕ್ಟ್‌ನಲ್ಲಿ. ಟೀಚರ್ ಮುಖ ನೋಡಿ ಆಮೇಲೆ.

ರೆಡಿಂಗ್ ಡಾಕ್ಟರು:
ಅದು ಇಂಡಿಯಾದ ರೈಲು ಕಂಪನಿಗಳ ಕಥೆ. ಇದು ಬೇರೆ ಕಂಪನಿ.

ನೇರ ಮಾತು:
ಎಲ್ಲ ಒಂದೇ ಬಾವಿ ನೀರು ಡಾಕ್ಟರೇ.

ಹಾಸನದ ಡಿಕಾಕ್ಷನ್:
ಸುಮ್ನೆ ಒಂದು ಮಾತು. ಹಿಂದೆ ಎಲ್ಲ ರೈಲೂ ಸ್ವಿಂಡನ್‌ನಲ್ಲಿ ಊಟ ತಿಂಡಿಗೆ 10 ನಿಮಿಷ ನಿಲ್ಲಲೇಬೇಕಿತ್ತು, ಕ್ಯಾಂಟೀನ್‌ನವರ ಜೊತೆ ಕರಾರು. 1895ರಲ್ಲಿ ಕಂಪನಿ ದುಡ್ಡು ಸುರಿದು ಅದನ್ನು ಬಿಡಿಸಿಕೊಂಡಿತು. ಅಲ್ಲಿನ ಕಾಫಿ ಎಷ್ಟು ಕೆಟ್ಟದಾಗಿತ್ತು ಅಂದರೆ, ರೈಲು ಮಾರ್ಗ ಕಟ್ಟಿದ ಇಂಜಿನಿಯರ್ ಬ್ರುನೆಲ್ ‘ಇದು ಕಾಫಿಯೇ ಅಲ್ಲ, ಹುರಿದ ಕಾಳು’ ಅನ್ನುವ ಹಾಗೆ ಪತ್ರ ಬರೆದಿದ್ದ. ನಾನಿದ್ದರೆ ಸಹಿ ಹಾಕುತ್ತಿದ್ದೆ.

ಲೆಸ್ಟರ್ ಅಮ್ಮ:
ನನ್ನ ಮಗಳಿಗೆ ಈಗ 27. ಅವಳಿಗೂ ಇಂಥದ್ದೇ ಪ್ರಾಜೆಕ್ಟ್ ಬಂದಿತ್ತು. ನಾನು ಹಟ ಹಿಡಿದು ಬೇಲೂರು ಹಳೇಬೀಡು ಬರೆಸಿದೆ. ರಾತ್ರಿ ಕೂತು ಚಿತ್ರ ಅಂಟಿಸಿದವಳೂ ನಾನೇ. ಅವಳ ಸರದಿ ಬಂದಾಗ ಕ್ಲಾಸಿನಲ್ಲಿ ಯಾರೂ ಒಂದು ಪ್ರಶ್ನೆ ಕೇಳಲಿಲ್ಲವಂತೆ. ಸುಮ್ಮನೆ ಬಂದು ಕೂತಳಂತೆ. ಇದನ್ನು ಹೇಳಿದ್ದು ಹೋದ ವರ್ಷ. ಈಗಲೂ ಬೇಲೂರಿಗೆ ಬಾ ಅಂದರೆ ಬರುವುದಿಲ್ಲ.

ಮಿಲ್ಟನ್ ಕೀನ್ಸ್ ಮಾವ:
ಕನ್ನಡ ಕ್ಲಾಸಿಗೆ ಕಳಿಸಿದ್ದಿರಾ ತಾಯಿ?

ನೇರ ಮಾತು:
ಲೆಸ್ಟರ್ ಅಮ್ಮ, ತಪ್ಪು ನಿಮ್ಮದಲ್ಲ, ಆ ಕ್ಲಾಸಿನದು. ಪ್ರಶ್ನೆ ಕೇಳಬೇಕಾದವರು ಅವರು. ನಾವು ಯಾಕೆ ಇಲ್ಲಿಯವರ ಅಜ್ಜಂದಿರನ್ನು ಬಾಡಿಗೆಗೆ ತರಬೇಕು?

ಮಿಲ್ಟನ್ ಕೀನ್ಸ್ ಮಾವ:
ಬಾಡಿಗೆ ಯಾಕೆ, ಲಂಡನ್ ಲ್ಯಾಂಬೆತ್‌ನಲ್ಲಿ ಥೇಮ್ಸ್ ದಡಕ್ಕೇ 2015ರಿಂದ ಬಸವಣ್ಣನ ಪ್ರತಿಮೆ ಇದೆ. ಅಲ್ಲಿಗೆ ಕರೆದುಕೊಂಡು ಹೋಗಿ.

ಹುಬ್ಬಳ್ಳಿ ಭೋಂಗಾ:
ಮಾವ, ಲ್ಯಾಂಬೆತ್ ಸ್ವಿಂಡನ್‌ನಲ್ಲಿಲ್ಲ. ಅಕ್ಕಾರೆ, ಲೈಬ್ರರಿಯಲ್ಲಿ ಹಳೇ ಫೋಟೋ ಸಿಗುತ್ತವೆ. ಸ್ಕಾಟ್‌ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಸೈಟ್‌ನಲ್ಲಿ ಹಳೇ ನಕಾಶೆಗಳು ಪುಕ್ಕಟೆ, ನಿಮ್ಮ ಬೀದಿ ಆಗ ಹೊಲವಾಗಿತ್ತಾ ನೋಡಬಹುದು.

ನೇರ ಮಾತು:
ನನ್ನ ಬಾಡಿಗೆ ಅಜ್ಜಂದಿರ ಪ್ರಶ್ನೆಗೂ ಕಿತ್ತೂರು ಚೆನ್ನಮ್ಮನಿಗೂ ಉತ್ತರ ಬರಲಿಲ್ಲ. ಕೇಳುತ್ತಲೇ ಇರುತ್ತೇನೆ.

ಅಡ್ಮಿನ್:
ಚೆನ್ನಮ್ಮನ ಬಗ್ಗೆ ಬಂದ 31 ಕಾಮೆಂಟ್‌ಗಳನ್ನು ಬೇರೆ ಚರ್ಚೆಗೆ ಸೇರಿಸಿದ್ದೇನೆ. ದಯವಿಟ್ಟು ಅಲ್ಲಿ ಜಗಳವಾಡಿ.

ಸ್ವಿಂಡನ್ ಸೊಸೆ:
ಭಾನುವಾರ ರಾತ್ರಿ ಬರೆಯುತ್ತಿದ್ದೇನೆ. ಹುಬ್ಬಳ್ಳಿ ಅಣ್ಣ, ತುಂಬ ಥ್ಯಾಂಕ್ಸ್. ಬೀದಿ ಹೆಸರೆಲ್ಲ ಓದಿಕೊಂಡು ಬಂದೆವು. ಮನೆ ಮುಂದೆ ಪಕ್ಕದ ಮನೆಯವರು ಕಸದ ಬಿನ್ ಇಡುತ್ತಿದ್ದರು. ಎರಡು ವರ್ಷದಲ್ಲಿ ಅವರ ಜೊತೆ ಆಡಿದ ಮಾತು ಅಂದರೆ ಈ ವಾರ ಯಾವ ಬಿನ್ ಅನ್ನುವುದೊಂದೇ. ಮಗ ಸೀದಾ ಹೋಗಿ “ನಿಮಗೆ ಹೂಟರ್ ಗೊತ್ತಾ?” ಅಂತ ಕೇಳಿಬಿಟ್ಟ. ಅವರು ಒಳಗೆ ಹೋಗಿ ಒಂದು ಬಿಸ್ಕತ್ ಡಬ್ಬಿ ತಂದರು. ಅದರಲ್ಲಿ ನಂಬರ್ ಹೊಡೆದ ಒಂದು ಹಿತ್ತಾಳೆ ಬಿಲ್ಲೆ. ಕಾರ್ಖಾನೆಯಲ್ಲಿ ಹಾಜರಿಗೆ ಇದ್ದದ್ದಂತೆ. ತಡವಾಗಿ ಹೋದರೆ ಸಂಬಳದಲ್ಲಿ ಹಿಡಿಯುತ್ತಿದ್ದರಂತೆ. 16ನೇ ವಯಸ್ಸಿಗೆ ಸೇರಿದವರು, ಮುಚ್ಚುವ ದಿನದವರೆಗೂ ಇದ್ದರಂತೆ. ಮಗ ಬಿಲ್ಲೆ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದ. ನಂಬರ್ ಅಚ್ಚಾಗಿ ಮೂಡಿತು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

ಹೂಟರ್ ಕೂಗಿ ತೋರಿಸಿ ಅಂತ ಇವನು ಪೀಡಿಸಿದ್ದಕ್ಕೆ ಅದನ್ನೂ ಮಾಡಿದರು. ಬೀದಿಯ ನಾಯಿಗಳೆಲ್ಲ ಬೊಗಳಿದವು.

ಮಿಲ್ಟನ್ ಕೀನ್ಸ್ ಮಾವ:
ಸಂತೋಷ. ಯುಗಾದಿಗೆ ಹಾಲ್ ಬುಕ್ ಆಗಿದೆ. ಒಬ್ಬಟ್ಟು ಯಾರು ಮಾಡುತ್ತೀರಿ, ಬುಧವಾರದೊಳಗೆ ಹೆಸರು ಕೊಡಿ.