ಮಿದುಳಿನ ಸ್ಕ್ಯಾನ್‌ನಲ್ಲಿ ಉಂಗುರ: ಟಿಬಿಯೋ, ಲಾಡಿಹುಳುವೋ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ತಮ್ಮನಿಗೆ 19 ವರ್ಷ. ಹೋದ ವಾರ ಊಟಕ್ಕೆ ಕೂತಿದ್ದಾಗ ಎಡಗೈ ಸೆಳೆದುಕೊಂಡು ಫಿಟ್ಸ್ ಬಂತು. ಎಂಆರ್‌ಐ ರಿಪೋರ್ಟಿನಲ್ಲಿ ಮಿದುಳಿನ ಬಲಗಡೆ ಪರೈಟಲ್ (ನೆತ್ತಿಯ ಪಕ್ಕದ) ಭಾಗದಲ್ಲಿ 11 ಮಿ.ಮೀ. ‘ರಿಂಗ್ ಎನ್‌ಹಾನ್ಸಿಂಗ್ ಲೀಷನ್’ (ಅಂಚು ಉಂಗುರದಂತೆ ಬೆಳಗುವ ಕಲೆ), ಒಳಗೆ ‘ಎಕ್ಸೆಂಟ್ರಿಕ್ ಡಾಟ್’ (ಒಂದು ಬದಿಗೆ ಸರಿದ ಚುಕ್ಕೆ), ಸುತ್ತ ಊತ ಅಂತಿದೆ. ಕೊನೆಗೆ ನ್ಯೂರೋಸಿಸ್ಟಿಸರ್ಕೋಸಿಸ್ (ಮಿದುಳಿನಲ್ಲಿ ಲಾಡಿಹುಳುವಿನ ಮರಿಯ ಚೀಲ) ಇರಬಹುದು, ಟ್ಯೂಬರ್ಕ್ಯುಲೋಮಾ (ಟಿಬಿ ಗಂಟು) ಅಲ್ಲವೆಂದು ನೋಡಿಕೊಳ್ಳಿ ಅಂತ ಬರೆದಿದ್ದಾರೆ. ಅಮ್ಮ ಕ್ಯಾನ್ಸರ್ ಗಡ್ಡೆ ಅಂದುಕೊಂಡು ಅಳುತ್ತಿದ್ದಾರೆ. ನಾವು ಮೊಟ್ಟೆಯನ್ನೂ ಮುಟ್ಟದವರು, ಹಂದಿಮಾಂಸದ ಹುಳು ನಮ್ಮ ಮನೆಗೆ ಹೇಗೆ ಬಂತು?

ರೇಡಿಯಾಲಜಿಸ್ಟ್: ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಉಂಗುರ ಎಂದರೆ ಕ್ಯಾನ್ಸರ್ ಎಂದಲ್ಲ. ಸ್ಕ್ಯಾನ್ ವೇಳೆ ಕೈಗೆ ಕೊಟ್ಟ ಗ್ಯಾಡೋಲಿನಿಯಂ ಇಂಜೆಕ್ಷನ್, ಉರಿಯೂತವಿದ್ದ ಕಡೆ ರಕ್ತನಾಳದಿಂದ ಸೋರಿ ಅಂಚನ್ನು ಬೆಳಗಿಸುತ್ತದೆ. ಟಿಬಿ, ಕೀವುಗಡ್ಡೆ, ಕೆಲವು ಟ್ಯೂಮರ್, ಹುಳುವಿನ ಚೀಲ ಎಲ್ಲವೂ ಹೀಗೇ ಕಾಣಬಹುದು. ಹಾಗಾಗಿ ನನ್ನ ಕಣ್ಣು ಉಂಗುರದ ಒಳಗೆ ಹೋಗುತ್ತದೆ. ಒಂದು ಬದಿಗೆ ಅಂಟಿಕೊಂಡ ಆ ಚುಕ್ಕೆ ಲಾಡಿಹುಳುವಿನ ಮರಿಯ ತಲೆ, ಸ್ಕೋಲೆಕ್ಸ್. ಅದು ಸ್ಪಷ್ಟವಾಗಿ ಸಿಕ್ಕರೆ ಅರ್ಧಕ್ಕಿಂತ ಹೆಚ್ಚು ಅನುಮಾನ ಅಲ್ಲೇ ತೀರಿತು. ದಪ್ಪ ಸ್ಲೈಸ್‌ಗಳಲ್ಲಿ ಅದು ತಪ್ಪಿಹೋಗುತ್ತದೆ, ಅದಕ್ಕೇ ತೆಳು ಸ್ಲೈಸ್ ಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ರಾಜಶೇಖರ್ ಮತ್ತು ಚಾಂಡಿ ಎಂಬ ವೈದ್ಯರು ಇಂಥ ಒಂಟಿ ಉಂಗುರಗಳನ್ನು ಅಳೆದು ನೋಡಿ ಒಂದು ಮಾನದಂಡ ಕೊಟ್ಟರು: 20 ಮಿ.ಮೀ.ಗಿಂತ ಚಿಕ್ಕದು, ನಯವಾದ ಅಂಚು, ಮಿದುಳಿನ ನಡುಗೆರೆ ಸರಿದಿಲ್ಲ ಎಂದರೆ ಹುಳುವಿನ ಚೀಲದ ಕಡೆಗೇ ತೂಕ. ಟಿಬಿಯದು ಸಾಮಾನ್ಯವಾಗಿ ದೊಡ್ಡದು, ಅಂಕುಡೊಂಕು, ಒಂದಕ್ಕೊಂದು ಅಂಟಿದ ಗೊಂಚಲು. ಆ ಜಾಗದ ರಾಸಾಯನಿಕಗಳನ್ನು ಅಳೆಯುವ ಎಂಆರ್ ಸ್ಪೆಕ್ಟ್ರೋಸ್ಕೋಪಿಯಲ್ಲಿ ಟಿಬಿ ಗಂಟಿಗೆ ಕೊಬ್ಬಿನ ಶಿಖರ ಎದ್ದು ಕಾಣುತ್ತದೆ. ಆದರೂ ಚಿಕ್ಕ ಟಿಬಿ ಗಂಟೂ ಉಂಟು. ರಿಪೋರ್ಟ್ ಬರೆದವರು ಎರಡನ್ನೂ ಬರೆದದ್ದು ಅದಕ್ಕೇ. ಎದೆಯ ಎಕ್ಸ್‌ರೇ, ಜ್ವರ, ತೂಕ ಇಳಿದದ್ದು, ಮನೆಯಲ್ಲಿ ಟಿಬಿ ಇದ್ದದ್ದು ಎಲ್ಲವನ್ನೂ ನ್ಯೂರಾಲಜಿಸ್ಟ್‌ಗೆ ಬಿಡದೆ ಹೇಳಿ.

ಇನ್ನು ಸಸ್ಯಾಹಾರದ ಮಾತು. ಬೇಯದ ಹಂದಿಮಾಂಸ ತಿಂದವರ ಕರುಳಲ್ಲಿ ಲಾಡಿಹುಳು ಬೆಳೆಯುತ್ತದೆ. ಅವರ ಮಲದ ಮೂಲಕ ಬಂದ ಮೊಟ್ಟೆ ಸೊಪ್ಪಿನಲ್ಲೋ, ನೀರಿನಲ್ಲೋ, ತೊಳೆಯದ ಕೈಯಲ್ಲೋ ಇನ್ನೊಬ್ಬರ ಹೊಟ್ಟೆ ಸೇರಿದರೆ ಮರಿ ಮಿದುಳಿಗೆ ಹೋಗಿ ಕೂರುತ್ತದೆ. ಮಾಂಸ ಮುಟ್ಟದವರಿಗೂ ಬರುವುದು ಹೀಗೆ. ನಿಮ್ಮ ಮನೆಯ ಅಡುಗೆಯ ತಪ್ಪಲ್ಲ ಇದು.

ಇನ್ನೊಬ್ಬರು: ಮೇಡಂ, ನಮ್ಮ ಅತ್ತಿಗೆಗೆ ಸಿಟಿ ಸ್ಕ್ಯಾನ್‌ನಲ್ಲಿ ಬಿಳಿ ಚುಕ್ಕೆ ಕಂಡಿತ್ತು, ಎಂಆರ್‌ಐಯಲ್ಲಿ ಸರಿಯಾಗಿ ಕಾಣಲಿಲ್ಲ ಅಂದರು. ಯಾವುದು ಸರಿ?

ರೇಡಿಯಾಲಜಿಸ್ಟ್: ಎರಡೂ ಸರಿ. ಸತ್ತ ಮರಿಯ ಸುತ್ತ ಸುಣ್ಣ (ಕ್ಯಾಲ್ಸಿಯಂ) ಕಟ್ಟುತ್ತದೆ; ಸುಣ್ಣ ಹಿಡಿಯುವುದರಲ್ಲಿ ಸಿಟಿ ಮುಂದು. ಎಂಆರ್‌ಐಯಲ್ಲಿ ಸುಣ್ಣ, ರಕ್ತದ ಕಲೆ ತೋರಿಸುವ ಎಸ್‌ಡಬ್ಲ್ಯುಐ ಎಂಬ ವಿಶೇಷ ಚಿತ್ರ ತೆಗೆದಿದ್ದರೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಅಲ್ಲಿ ಹುಳದ ಮಾತ್ರೆಗೆ ಕೆಲಸವಿಲ್ಲ, ಆದರೆ ಆ ಕಲೆಯಿಂದಲೇ ಫಿಟ್ಸ್ ಮತ್ತೆ ಬರಬಹುದು. ಫಿಟ್ಸ್ ಮಾತ್ರೆ ತಾವಾಗಿ ನಿಲ್ಲಿಸುವುದು ಬೇಡ.

ಮೊದಲು ಕೇಳಿದವರು: ಹಾಗಾದರೆ ತಮ್ಮನಿಗೆ ಅಂಗಡಿಯಿಂದ ಹುಳದ ಮಾತ್ರೆ ಆಲ್ಬೆಂಡಜೋಲ್ ತಂದು ಕೊಡಲಾ?

ರೇಡಿಯಾಲಜಿಸ್ಟ್: ದಯವಿಟ್ಟು ಬೇಡ. ಮರಿ ಸಾಯುವಾಗ ಊತ ಏರುತ್ತದೆ, ಅದಕ್ಕೆ ಜೊತೆಯಲ್ಲಿ ಸ್ಟಿರಾಯ್ಡ್ ಕೊಡುತ್ತಾರೆ. ಕಣ್ಣಲ್ಲೂ ಚೀಲ ಇದ್ದರೆ ದೃಷ್ಟಿಗೇ ಅಪಾಯ, ಹಾಗಾಗಿ ಮೊದಲು ಕಣ್ಣಿನ ಪರೀಕ್ಷೆ ಆಗಬೇಕು. ಒಂಟಿ ಉಂಗುರಗಳು ಎಷ್ಟೋ ಬಾರಿ ಕೆಲವು ತಿಂಗಳಲ್ಲಿ ಕರಗುತ್ತವೆ. ಮುಂದಿನ ಸ್ಕ್ಯಾನ್‌ಗೆ ಹೋಗುವಾಗ ಈ ಸ್ಕ್ಯಾನ್‌ನ ಸಿಡಿಯನ್ನು ಮರೆಯದೆ ಒಯ್ಯಿರಿ, ಹಳೆಯದರ ಜೊತೆ ಇಟ್ಟು ನೋಡಿ ಎಂದು ನೀವೇ ಕೇಳಿ.