8 ಎಂಎಲ್‌ಗೆ 100ರ ಸಿಲಿಂಡರ್ ನಡೆಯುತ್ತಾ?

ರಾಯಚೂರು ಲ್ಯಾಬ್: ನಮ್ಮಲ್ಲಿರೋದು ಬರೀ 100 ಎಂಎಲ್ ಮೆಷರಿಂಗ್ ಸಿಲಿಂಡರ್. ಮೊನ್ನೆ ಹುಡುಗರು ಅದರಲ್ಲೇ 8 ಎಂಎಲ್ ಆಸಿಡ್ ಅಳೆದರು, ಒಬ್ಬೊಬ್ಬರದು ಒಂದೊಂದು ಲೆಕ್ಕ. ಹೊಸದು ತರಿಸಬೇಕು. ಗಾಜಿನದಾ, ಪ್ಲಾಸ್ಟಿಕ್‌ದಾ?

ಕೊಪ್ಪಳದ ಮೇಡಂ: ಮೊದಲು 10 ಎಂಎಲ್‌ದು ತಗೊಳ್ಳಿ ಸರ್. 100ರದ್ದು ಬಿ ಕ್ಲಾಸ್ (ಕಡಿಮೆ ನಿಖರತೆಯ ದರ್ಜೆ) ಆಗಿದ್ದರೆ ಅದರಲ್ಲೇ 1 ಎಂಎಲ್‌ವರೆಗೆ ಹೆಚ್ಚುಕಮ್ಮಿ ಇರುತ್ತೆ, ಇನ್ನು 8ರಲ್ಲಿ 1 ತಪ್ಪಿದರೆ ಏನು ಉಳಿಯಿತು ಹೇಳಿ! ಗಾಜಿನದು ಒಳ್ಳೆಯದು, ಆದರೆ ನಮ್ಮಲ್ಲಿ ಸಿಂಕ್ ಹತ್ತಿರ ಉರುಳಿ ಎರಡು ಒಡೆದವು. ಹುಡುಗರ ಕೈಗೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ದೇ ಕೊಡಿ.

ಬಳ್ಳಾರಿಯವ: ಸಿಲಿಂಡರ್ ಎತ್ತಿ ಹಿಡಿದು ನೋಡೋ ಅಭ್ಯಾಸ ಬಿಡಿಸಿ. ಮೇಜಿನ ಮೇಲಿಟ್ಟು ಬಗ್ಗಿ, ಗಾಜಿನದರಲ್ಲಿ ನೀರಿನ ಮೇಲ್ಮೈಯಲ್ಲಿ ಕಾಣೋ ಗುಳಿಯ ತಳ ಓದಬೇಕು. ಪರ್ಮಾಂಗನೇಟ್‌ನಂಥ ಕಡುನೇರಳೆ ದ್ರಾವಣ ಆದರೆ ತಳ ಕಾಣಲ್ಲ, ಮೇಲಿನ ಅಂಚೇ ಗತಿ. ಮೇ ತಿಂಗಳ ಬಿಸಿಲೂ ಸುಮ್ನೆ ಬಿಡಲ್ಲ ಮಾರಾಯ್ರೇ, 20 ಡಿಗ್ರಿಯಲ್ಲಿ 100 ಎಂಎಲ್ ಇದ್ದ ನೀರು 40ಕ್ಕೆ ಸುಮಾರು 100.6 ಆಗುತ್ತೆ.

ರಾಯಚೂರು ಲ್ಯಾಬ್: ಹುಡುಗರು ಎತ್ತಿಯೇ ಹಿಡಿದಿದ್ದರು! ಟೈಟ್ರೇಶನ್‌ಗೂ (ಹನಿಹನಿ ಸೇರಿಸಿ ದ್ರಾವಣದ ಸಾಂದ್ರತೆ ಕಂಡುಹಿಡಿಯೋದು) ಇದೇ ಸಾಕಾ?

ಕೊಪ್ಪಳದ ಮೇಡಂ: ಬೇಡ ಸರ್, ಅದಕ್ಕೆ ಇನ್ನೂ ನಿಖರವಾಗಿ ಅಳೆಯೋ ಕೊಳವೆಗಳಾದ ಪಿಪೆಟ್, ಬ್ಯುರೆಟ್ಟೇ ಬೇಕು.